ಮಳೆಗಾಲಕ್ಕೆ ಮುನ್ನ ಹಳೆಯ ಕಾರಿನ ಎಂಜಿನ್ ದುರಸ್ತಿ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಅಡಿಕೆ ಬೆಳೆಗಾರರ ಮನೆಗಳು ಒತ್ತಟ್ಟಿಗೆ ಊರಾಗಿ ಇರುವುದು ಕಡಿಮೆ. ತೋಟದ ತಲೆಗೊಂದು ಮನೆ, ಮನೆಗೊಂದು ಮಣ್ಣಿನ ದಾರಿ, ಅಲ್ಲಿಂದ ಬಸ್ಸಿನ ರಸ್ತೆಗೆ ಎರಡೋ ಐದೋ ಕಿಲೋಮೀಟರ್. ಇಂತಹ ಮನೆಗಳ ಕೊಟ್ಟಿಗೆಯ ಪಕ್ಕದಲ್ಲಿ ಹಳೆಯ ಮಾರುತಿ 800 ಅಥವಾ ಓಮ್ನಿ ಇಂದಿಗೂ ನಿಂತಿರುವುದುಂಟು. ಡೇರಿಗೆ ಹಾಲು, ಮಂಡಿಗೆ ಅಡಿಕೆ ಮೂಟೆ, ಪೇಟೆಯಿಂದ ಮೈಲುತುತ್ತ, ಸುಣ್ಣ, ಹಿಂಡಿ ಎಲ್ಲವನ್ನೂ ಹೊರುವುದು ಅದೇ. ಆಷಾಢದ ರಾತ್ರಿ ಮನೆಯಲ್ಲಿ ಯಾರಿಗಾದರೂ ಹಾವು ಕಚ್ಚಿದರೆ ತಾಲ್ಲೂಕು ಆಸ್ಪತ್ರೆಗೆ ಒಯ್ಯುವುದೂ ಅದೇ. ಆ ಹೊತ್ತಿನಲ್ಲಿ ಎಂಜಿನ್ ಸ್ಟಾರ್ಟ್ ಆಗದೆ ಹೋದರೆ ಏನಾಗುವುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಬೇಸಾಯ ಶಾಸ್ತ್ರದವನಿಗೆ ಮೋಟಾರಿನ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ಕ್ಷೇತ್ರ ಭೇಟಿಗೆ ಹೋದಲ್ಲಿ ಎಲೆಚುಕ್ಕೆ ರೋಗದ ಮಾತು ಮುಗಿಯುತ್ತಲೇ ಬಾನೆಟ್ ಎತ್ತಿ ತೋರಿಸುವ ಬೆಳೆಗಾರರು ಹಲವರಿದ್ದಾರೆ. ಹಾಗೆ ನೋಡುತ್ತ ಬಂದಾಗ ಕಂಡುಬಂದ ಸಂಗತಿಯೆಂದರೆ, ಈ ಮೂರು ತಾಲ್ಲೂಕುಗಳಲ್ಲಿ ಹಳೆಯ ಕಾರಿನ ಎಂಜಿನ್ ಕೆಡುವುದಕ್ಕೆ ಬಹುಪಾಲು ನೀರೇ ಕಾರಣ. ಇರಬೇಕಾದ ಕಡೆ ನೀರು ಇರುವುದಿಲ್ಲ, ಇರಬಾರದ ಕಡೆ ಸೇರಿಕೊಂಡಿರುತ್ತದೆ. ತೋಟದ ನೀರನ್ನು ಹದದಲ್ಲಿಡಲು ಬಲ್ಲ ಕೃಷಿಕನಿಗೆ ಎಂಜಿನ್ನಿನ ನೀರನ್ನು ಹದದಲ್ಲಿಡುವುದು ಕಷ್ಟದ ಕೆಲಸವೇನಲ್ಲ.

ಮಾರುತಿ 800 ಮಾರುಕಟ್ಟೆಗೆ ಬಂದದ್ದು 1983ರ ಡಿಸೆಂಬರಿನಲ್ಲಿ. ಅದರ ತಯಾರಿಕೆ 2014ರಲ್ಲಿ ನಿಂತಿತು. 1984ರಲ್ಲಿ ಮಾರುತಿ ವ್ಯಾನ್ ಎಂದು ಬಂದು ಮುಂದೆ ಓಮ್ನಿ ಎನಿಸಿಕೊಂಡ ವಾಹನ 2019ರವರೆಗೂ ತಯಾರಾಯಿತು. ಎರಡಕ್ಕೂ ಮೂರು ಸಿಲಿಂಡರಿನ 796 ಸಿ.ಸಿ. ಎಂಜಿನ್. 2000ದ ಸುಮಾರಿಗೆ ಕಾರ್ಬುರೇಟರ್ ಹೋಗಿ ಇಂಜೆಕ್ಷನ್ ಪದ್ಧತಿ ಬಂದಿತು. ಈ ಲೇಖನದಲ್ಲಿ ಹೇಳಿರುವ ಪೆಟ್ರೋಲ್ ಮತ್ತು ಕಿಡಿಯ ವಿಷಯ ಕಾರ್ಬುರೇಟರ್ ಇರುವ ಗಾಡಿಗಳಿಗೆ ಅನ್ವಯಿಸುತ್ತದೆ. ರೇಡಿಯೇಟರಿನ ವಿಷಯ ಎಲ್ಲಕ್ಕೂ ಒಂದೇ. ಇಂಜೆಕ್ಷನ್ ಗಾಡಿಯ ವೈರುಗಳಿಗೆ ಮನೆಯಲ್ಲಿ ಕೈಹಾಕದಿರುವುದು ಒಳಿತು.

ರೇಡಿಯೇಟರಿಗೆ ಯಾವ ನೀರು?

ಸುಡುವ ಪೆಟ್ರೋಲಿನ ಶಾಖದಲ್ಲಿ ಸುಮಾರು ಕಾಲು ಭಾಗ ಮಾತ್ರ ಗಾಡಿಯನ್ನು ಎಳೆಯುತ್ತದೆ. ಉಳಿದದ್ದು ಹೊಗೆಯ ಕೊಳವೆಯಿಂದಲೂ ರೇಡಿಯೇಟರಿನಿಂದಲೂ ಹೊರಗೆ ಹೋಗಬೇಕು. ಆಗುಂಬೆಯ 14 ತಿರುವುಗಳನ್ನೋ ಹುಲಿಕಲ್ ಘಾಟಿಯನ್ನೋ ನಾಲ್ಕು ಜನ, ಎರಡು ಮೂಟೆ ಹೊತ್ತು ಹತ್ತುವ ಸಣ್ಣ ಎಂಜಿನ್ನಿಗೆ ಈ ಕೆಲಸ ಕಠಿಣವಾದುದು.

ಹೆಚ್ಚಿನ ಮನೆಗಳಲ್ಲಿ ರೇಡಿಯೇಟರಿಗೆ ಬಾವಿಯ ನೀರನ್ನೋ ಅಬ್ಬಿಯ ನೀರನ್ನೋ ಸುರಿಯುತ್ತಾರೆ. ನಮ್ಮ ನೀರು ಮೆದು, ಸುಣ್ಣದ ಅಂಶವಿಲ್ಲ, ಆದ್ದರಿಂದ ಗಸಿ ಕಟ್ಟದು ಎಂಬುದು ಇದಕ್ಕೆ ಕೊಡುವ ಸಮಾಧಾನ. ಅರ್ಧ ಮಾತು ನಿಜ. ಬಯಲುಸೀಮೆಯ ಗಡಸು ನೀರಿನಂತೆ ಇದು ಸುಣ್ಣದ ಪದರ ಕಟ್ಟುವುದಿಲ್ಲ. ಆದರೆ ಜಂಬಿಟ್ಟಿಗೆ ಮಣ್ಣಿನಿಂದ ಒಸರುವ ನೀರು ಸಾಮಾನ್ಯವಾಗಿ ತುಸು ಹುಳಿ, ಅಂದರೆ ಅದರ ರಸಸಾರ 7ಕ್ಕಿಂತ ಕೆಳಗಿರುತ್ತದೆ. ಇಂತಹ ಮೆದು ನೀರು ಲೋಹವನ್ನು ತಿನ್ನುತ್ತದೆ. ರೇಡಿಯೇಟರ್ ಮುಚ್ಚಳ ತೆಗೆದಾಗ ಕಾಣುವ ಕೆಂಪು ರಾಡಿ ಎಂಜಿನ್ನಿನ ಒಳಗಿನ ಕಬ್ಬಿಣ ತುಕ್ಕು ಹಿಡಿದುದರ ಗುರುತು. ಈ ರಾಡಿ ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಕುಳಿತು ದಾರಿ ಕಟ್ಟುತ್ತದೆ.

ಆದ್ದರಿಂದ ಬಟ್ಟಿ ಇಳಿಸಿದ ನೀರಿಗೆ ಕೂಲಂಟ್ ಬೆರೆಸಿ ಹಾಕತಕ್ಕದ್ದು. ಬೆರಕೆಯ ಪ್ರಮಾಣ ಡಬ್ಬಿಯ ಮೇಲೆ ಬರೆದಿರುತ್ತದೆ. ಸಾಮಾನ್ಯವಾಗಿ ನೂರಕ್ಕೆ ಮೂವತ್ತರಿಂದ ಐವತ್ತು ಭಾಗ. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಚಳಿ ಇಲ್ಲವಲ್ಲ, ಕೂಲಂಟ್ ಏಕೆ ಎಂದು ವಾದಿಸುವವರು ಅದರಲ್ಲಿರುವ ತುಕ್ಕುನಿರೋಧಕ ಮದ್ದನ್ನು ಮರೆಯುತ್ತಾರೆ. ಮಲೆನಾಡಿಗೆ ಬೇಕಾದದ್ದು ಆ ಮದ್ದೇ. ಅದರ ಶಕ್ತಿ ಕ್ರಮೇಣ ಕುಗ್ಗುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು.

ಬದಲಿಸುವ ಕೆಲಸ ಮನೆಯಲ್ಲೇ ಆಗುವಂಥದು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಅಂದರೆ ಬೆಳಗಿನ ಹೊತ್ತು, ರೇಡಿಯೇಟರಿನ ತಳದ ತಿರುಪನ್ನು ಬಿಚ್ಚಿ ಹಳೆಯ ನೀರನ್ನು ಬಕೆಟ್ಟಿಗೆ ಇಳಿಸಬೇಕು. ಮೇಲಿನಿಂದ ತಿಳಿ ನೀರು ಬಿಟ್ಟು, ಕೆಳಗೆ ತಿಳಿಯಾಗಿ ಬರುವವರೆಗೆ ತೊಳೆಯಬೇಕು. ಹೊಸ ಬೆರಕೆಯನ್ನು ನಿಧಾನವಾಗಿ ಸುರಿದು, ಮುಚ್ಚಳ ಹಾಕದೆ ಎಂಜಿನ್ ಓಡಿಸಿದರೆ ಒಳಗೆ ಸಿಕ್ಕಿದ ಗಾಳಿ ಗುಳ್ಳೆಯಾಗಿ ಹೊರಬಂದು ಮಟ್ಟ ಇಳಿಯುತ್ತದೆ. ಇಳಿದಷ್ಟನ್ನು ತುಂಬಿ ಮುಚ್ಚಳ ಭದ್ರ ಮಾಡಬೇಕು. ಗಾಳಿ ಉಳಿದರೆ ಆ ಜಾಗದಲ್ಲಿ ನೀರಿಲ್ಲದಂತೆಯೇ ಸರಿ. ಹೋಸ್ ಪೈಪುಗಳನ್ನು ಇದೇ ವೇಳೆ ಹಿಸುಕಿ ನೋಡಿರಿ. ಮೆತ್ತಗೆ ಊದಿದ್ದರೂ, ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೂ ಬದಲಿಸಿರಿ. ಪೈಪನ್ನು ಉಳಿಸಲು ಹೋಗಿ ಹೆಡ್ ಕಳೆದುಕೊಳ್ಳುವುದು ಜಾಣತನವಲ್ಲ.

ರೇಡಿಯೇಟರಿನ ಹೊರಮೈಯನ್ನೂ ಮರೆಯಬಾರದು. ಮಣ್ಣುದಾರಿಯ ಕೆಸರು, ಹುಲ್ಲಿನ ಬೀಜ, ತರಗೆಲೆಗಳು ಅದರ ರೆಕ್ಕೆಗಳ ನಡುವೆ ಗಾಳಿಯ ದಾರಿ ಮುಚ್ಚಿರುತ್ತವೆ. ಎಂಜಿನ್ನಿನ ಕಡೆಯಿಂದ ಮುಂದಕ್ಕೆ ಮೆಲ್ಲಗೆ ನೀರು ಹಾಯಿಸಿ ತೊಳೆಯಬೇಕು. ತೋಟಕ್ಕೆ ಔಷಧಿ ಹೊಡೆಯುವ ಪಂಪಿನ ಒತ್ತಡದಲ್ಲಿ ಹೊಡೆದರೆ ರೆಕ್ಕೆಗಳು ಮಡಿಚಿಕೊಳ್ಳುತ್ತವೆ.

ಫ್ಯಾನಿನ ಪರೀಕ್ಷೆ ಸುಲಭ. ನಿಂತಲ್ಲೇ ಎಂಜಿನ್ ಓಡಿಸಿ ಶಾಖದ ಮುಳ್ಳು ನಡುಮಟ್ಟ ದಾಟುವುದನ್ನು ಕಾಯಿರಿ. ಆಗ ಫ್ಯಾನ್ ತಾನಾಗಿ ತಿರುಗಬೇಕು. ತಿರುಗದಿದ್ದರೆ ಎಂಜಿನ್ ನಿಲ್ಲಿಸಿ ಫ್ಯೂಸ್ ನೋಡಿರಿ. ಫ್ಯೂಸ್ ಸರಿಯಿದ್ದರೆ ಫ್ಯಾನಿನ ವೈರಿನ ಜೋಡಣೆ ಬಿಚ್ಚಿ, ಬ್ಯಾಟರಿಯಿಂದ ನೇರವಾಗಿ ಎರಡು ವೈರು ಕೊಡಿರಿ. ತಿರುಗಿದರೆ ದೋಷ ಸ್ವಿಚ್ಚಿನಲ್ಲಿ, ತಿರುಗದಿದ್ದರೆ ಮೋಟಾರಿನಲ್ಲಿ. ಇಷ್ಟು ತಿಳಿದುಕೊಂಡು ಮೆಕ್ಯಾನಿಕ್ ಬಳಿಗೆ ಹೋದವನಿಗೂ, ಏನೂ ತಿಳಿಯದೆ ಹೋದವನಿಗೂ ಬಿಲ್ಲಿನಲ್ಲಿ ವ್ಯತ್ಯಾಸವಿರುತ್ತದೆ.

ಥರ್ಮೋಸ್ಟಾಟ್ ತೆಗೆಸಬೇಡಿರಿ

ಎಂಜಿನ್ ಬಿಸಿಯಾಗುತ್ತದೆ ಎಂದು ದೂರಿದರೆ ಕೆಲವು ಗ್ಯಾರೇಜುಗಳಲ್ಲಿ ಥರ್ಮೋಸ್ಟಾಟನ್ನು ಕಿತ್ತು ಬಿಸಾಡುವ ರೂಢಿಯಿದೆ. ಇದು ಅಡ್ಡದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ. ನೀರು ತಕ್ಕಷ್ಟು ಕಾಯುವವರೆಗೆ ರೇಡಿಯೇಟರಿಗೆ ಬಿಡದೆ ತಡೆಯುವ ಬಾಗಿಲು ಅದು. ಅದಿಲ್ಲದ ಎಂಜಿನ್ ಮಳೆಗಾಲದ ತಂಪಿನಲ್ಲಿ, ಡೇರಿಯವರೆಗೆ ಹೋಗಿಬರುವ ಎರಡು ಕಿಲೋಮೀಟರಿನಲ್ಲಿ ಎಂದಿಗೂ ಬಿಸಿಯೇರುವುದಿಲ್ಲ. ಪೆಟ್ರೋಲ್ ಸುಟ್ಟಾಗ ಹುಟ್ಟುವ ನೀರಿನ ಆವಿ ಒಳಗೇ ತಣಿದು ಆಯಿಲಿಗೆ ಸೇರುತ್ತದೆ. ಆಯಿಲ್ ಕೆಟ್ಟು ರಾಡಿಯಾಗುತ್ತದೆ, ಬೇರಿಂಗುಗಳು ಸವೆಯುತ್ತವೆ.

ಥರ್ಮೋಸ್ಟಾಟ್ ಸರಿಯಿದೆಯೆ ಎಂದು ತಿಳಿಯಲು ಅದನ್ನು ಬಿಚ್ಚಿ, ಅಡಿಗೆಗೆ ಬಳಸದ ಹಳೆಯ ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿರಿ. ಎಷ್ಟು ಡಿಗ್ರಿಗೆ ತೆರೆಯಬೇಕೆಂಬುದನ್ನು ಅದರ ಮೇಲೆಯೇ ಒತ್ತಿರುತ್ತಾರೆ. ಸಾಮಾನ್ಯವಾಗಿ 82 ಡಿಗ್ರಿ ಸೆಲ್ಸಿಯಸ್ ಆಸುಪಾಸು. ನೀರು ಕುದಿಯುವ ಹೊತ್ತಿಗೆ ಬಾಯಿ ಅಗಲವಾಗಿ ತೆರೆದಿರಬೇಕು, ತಣಿದಾಗ ಮುಚ್ಚಬೇಕು. ಹಾಗಾಗದಿದ್ದರೆ ಹೊಸದನ್ನೇ ಹಾಕತಕ್ಕದ್ದು.

ದಾರಿಯಲ್ಲಿ ಬಿಸಿಯೇರಿದಾಗ

ಘಾಟಿಯಲ್ಲಿ ಮುಳ್ಳು ಕೆಂಪು ಗೆರೆಯತ್ತ ಸರಿದರೆ ಗಾಡಿಯನ್ನು ಬದಿಗೆ ನಿಲ್ಲಿಸಿ ಎಂಜಿನ್ ಆರಿಸಬೇಕು. ಇನ್ನೊಂದೇ ತಿರುವು ಎಂದು ಎಳೆದುಕೊಂಡು ಹೋಗುವುದರಲ್ಲಿಯೇ ಹೆಡ್ ಹಾಳಾಗುವುದು. ರೇಡಿಯೇಟರ್ ಮುಚ್ಚಳವನ್ನು ಆಗ ಮುಟ್ಟಲೇ ಕೂಡದು. ಒತ್ತಡವಿರುವುದರಿಂದ ಒಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕುಳಿತಿರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣದಲ್ಲಿ ಕುಕ್ಕರಿನ ಮುಚ್ಚಳ ಹಾರಿದಂತೆ ಎದ್ದು ಮುಖ, ಕೈಗಳನ್ನು ಬೇಯಿಸುತ್ತದೆ. ಅರ್ಧ ಗಂಟೆಗೂ ಹೆಚ್ಚು ಕಾದು, ಮೇಲಿನ ಪೈಪನ್ನು ಮುಟ್ಟಿ ಅದು ತಣಿದಿದೆಯೆಂದು ಖಾತ್ರಿಯಾದ ಮೇಲೆ, ದಪ್ಪ ಬಟ್ಟೆ ಹಿಡಿದು ತೆಗೆಯಿರಿ. ಕಾದ ಎಂಜಿನ್ನಿಗೆ ಹಳ್ಳದ ತಣ್ಣೀರನ್ನು ಒಮ್ಮೆಲೇ ಸುರಿದರೆ ಲೋಹ ಸೀಳುವ ಭಯವಿದೆ.

ಓಮ್ನಿಯಲ್ಲಿ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಸೀಟಿನ ಬಿಸಿ ದಿನದಂತಿಲ್ಲ ಎನಿಸಿದರೆ ಮುಳ್ಳನ್ನು ಕಾಯದೆ ನಿಲ್ಲಿಸಿ ನೋಡುವುದು ಮೇಲು.

ಹೆಡ್ ಗ್ಯಾಸ್ಕೆಟ್ ಹೋಗಿದೆಯೆ?

ಸಿಲಿಂಡರುಗಳ ಮೇಲಿನ ಹೆಡ್ ಅಲ್ಯೂಮಿನಿಯಮ್ಮಿನದು. ಮಿತಿಮೀರಿ ಕಾದರೆ ಸೊಟ್ಟಗಾಗುತ್ತದೆ. ಅದರ ಕೆಳಗಿರುವ ತೆಳು ಗ್ಯಾಸ್ಕೆಟ್ ಒಂದು ಕಡೆ ಬಿರಿದರೆ ಸಿಲಿಂಡರಿನ ಬೆಂಕಿ, ಆಯಿಲ್ ಮತ್ತು ನೀರು ಒಂದರೊಳಗೊಂದು ನುಗ್ಗುತ್ತವೆ. ಒಮ್ಮೆ ಬಿಸಿಯೇರಿದ ಗಾಡಿಯನ್ನು ಮತ್ತೆ ಓಡಿಸುವ ಮೊದಲು ನಾಲ್ಕು ಗುರುತುಗಳನ್ನು ನೋಡಬೇಕು.

ಮೊದಲನೆಯದು ಡಿಪ್‌ಸ್ಟಿಕ್. ಆಯಿಲ್ ಮಜ್ಜಿಗೆ ಬೆರೆಸಿದಂತೆ ಬೆಳ್ಳಗಾಗಿ, ಮಟ್ಟವೂ ಏರಿದ್ದರೆ ನೀರು ಸೇರಿದೆ ಎಂದೇ ಅರ್ಥ. ಇಲ್ಲೊಂದು ಸೂಕ್ಷ್ಮವಿದೆ. ಆಯಿಲ್ ಸುರಿಯುವ ಮುಚ್ಚಳದ ಒಳಗಡೆ ಮಾತ್ರ ಬಿಳಿ ಕೆನೆ ಕಟ್ಟಿದ್ದು, ಡಿಪ್‌ಸ್ಟಿಕ್ಕಿನ ಆಯಿಲ್ ಎಂದಿನಂತಿದ್ದು, ರೇಡಿಯೇಟರಿನ ನೀರೂ ಇಳಿಯದಿದ್ದರೆ ಅದು ಮೇಲೆ ಹೇಳಿದ ಆವಿಯ ತೇವ. ಮಳೆಗಾಲದಲ್ಲಿ ಅಲ್ಪ ದೂರ ಓಡುವ ಗಾಡಿಗಳಲ್ಲಿ ಇದು ಸಾಮಾನ್ಯ. ವಾರಕ್ಕೊಮ್ಮೆ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿದರೆ ಹೋಗುತ್ತದೆ. ಈ ಕೆನೆಯನ್ನು ಕಂಡು ಬೆದರಿ ಸುಮ್ಮನೆ ಹೆಡ್ ಬಿಚ್ಚಿಸಿದವರೂ ಇದ್ದಾರೆ.

ಎರಡನೆಯದು ಗುಳ್ಳೆ. ತಣ್ಣನೆಯ ಎಂಜಿನ್ನಿನ ರೇಡಿಯೇಟರನ್ನು ತುಂಬಿ, ಮುಚ್ಚಳ ಹಾಕದೆ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷ ನೋಡಿರಿ. ಆರಂಭದ ನಾಲ್ಕಾರು ಗುಳ್ಳೆ ಸಹಜ. ಎಡೆಬಿಡದೆ ಬರುತ್ತಿದ್ದರೆ ಸಿಲಿಂಡರಿನ ಹೊಗೆ ನೀರಿಗೆ ನುಗ್ಗುತ್ತಿದೆ. ಮೂರನೆಯದು, ಎಂಜಿನ್ ಚೆನ್ನಾಗಿ ಕಾದ ಮೇಲೂ ಬಿಡದೆ ಬರುವ ದಟ್ಟ ಬಿಳಿ ಹೊಗೆ. ನಾಲ್ಕನೆಯದು ಪ್ಲಗ್. ಮೂರೂ ಪ್ಲಗ್ಗುಗಳನ್ನು ಬಿಚ್ಚಿ ಸಾಲಾಗಿ ಇಡಿರಿ. ತಿಳಿ ಕಂದು ಬಣ್ಣ ಆರೋಗ್ಯದ ಲಕ್ಷಣ, ಒಣ ಕಪ್ಪು ಮಸಿ ಪೆಟ್ರೋಲ್ ಅತಿಯಾದುದರ ಲಕ್ಷಣ, ಜಿಡ್ಡುಗಪ್ಪು ಆಯಿಲ್ ಮೇಲೇರಿದುದರ ಲಕ್ಷಣ. ಉಳಿದೆರಡು ಕಂದಾಗಿದ್ದು ಒಂದು ಮಾತ್ರ ತೊಳೆದಿಟ್ಟಂತೆ ಬೆಳ್ಳಗಿದ್ದರೆ ಆ ಸಿಲಿಂಡರಿಗೆ ನೀರು ಹೋಗುತ್ತಿರಬಹುದು.

ಗ್ಯಾಸ್ಕೆಟ್ ಹೋಗಿರುವುದು ಖಚಿತವಾದರೆ ಮುಂದಿನ ಕೆಲಸ ನುರಿತವರದು. ಟೈಮಿಂಗ್ ಬೆಲ್ಟ್ ಬಿಚ್ಚಿ ಮತ್ತೆ ಅದೇ ಗುರುತಿಗೆ ಕೂರಿಸಬೇಕು. ಹೆಡ್ಡಿನ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ, ಟಾರ್ಕ್ ರೆಂಚಿನಿಂದ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿಯಬೇಕು. ಕೈಅಂದಾಜು ಇಲ್ಲಿ ನಡೆಯದು. ಆದರೂ ಮಾಲೀಕರು ಎದುರು ನಿಂತು ಒಂದು ವಿಷಯ ಕೇಳಲೇಬೇಕು. ಹೆಡ್ಡಿನ ತಳ ಸಮತಟ್ಟಾಗಿದೆಯೆ ಎಂದು ಉಕ್ಕಿನ ನೇರಪಟ್ಟಿ ಇಟ್ಟು, ಫೀಲರ್ ಗೇಜ್ ತೂರಿಸಿ ನೋಡಿದರೆ? ನೋಡದೆ ಬರಿಯ ಗ್ಯಾಸ್ಕೆಟ್ ಬದಲಿಸಿದರೆ ಸೊಟ್ಟ ಹೆಡ್ಡಿನ ಕೆಳಗೆ ಹೊಸದೂ ಕೆಲವೇ ದಿನಗಳಲ್ಲಿ ಬಿರಿಯುತ್ತದೆ. ಸೊಟ್ಟಗಿದ್ದರೆ ಮಷಿನ್ ಶಾಪಿನಲ್ಲಿ ಫೇಸಿಂಗ್ ಮಾಡಿಸಬೇಕು.

ಗ್ಯಾಸ್ಕೆಟ್ ಕೊಳ್ಳುವಾಗ 796 ಸಿ.ಸಿ. ಎಂದಷ್ಟೇ ಹೇಳಿದರೆ ಸಾಲದು. ಇದೇ ಅಳತೆಯ ಎಂಜಿನ್ನಿನಲ್ಲಿ ಸಿಲಿಂಡರಿಗೆ ಎರಡರಂತೆ ಆರು ವಾಲ್ವಿನದೂ, ನಾಲ್ಕರಂತೆ ಹನ್ನೆರಡು ವಾಲ್ವಿನದೂ ಇವೆ. ಆಲ್ಟೊಗೂ ಕೆಲವು 800 ಗಾಡಿಗಳಿಗೂ ಬಂದದ್ದು ಎರಡನೆಯದು. ಗಾಡಿಯ ಮಾದರಿ, ವರ್ಷ ಎರಡನ್ನೂ ಹೇಳಿ, ಹಳೆಯ ಗ್ಯಾಸ್ಕೆಟನ್ನು ಜೊತೆಗೆ ಒಯ್ಯಿರಿ.

ಮಳೆಯಲ್ಲಿ ಸ್ಟಾರ್ಟ್ ಆಗದಿದ್ದರೆ

ಇದುವರೆಗೆ ಹೇಳಿದ್ದು ಇರಬೇಕಾದ ನೀರಿನ ಮಾತು. ಇನ್ನು ಇರಬಾರದ ನೀರು. ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7,000 ಮಿ.ಮೀ. ಮೀರಿದ್ದು. ಅಂತಹ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದಿರುವಾಗ ಡಿಸ್ಟ್ರಿಬ್ಯೂಟರಿನ ಮುಚ್ಚಳದ ಒಳಗೆ ತೇವ ಕಟ್ಟುವುದರಲ್ಲಿ ಆಶ್ಚರ್ಯವಿಲ್ಲ. ತೇವವಿದ್ದರೆ ಕಿಡಿ ಪ್ಲಗ್ಗಿನವರೆಗೆ ಹೋಗದೆ ದಾರಿಯಲ್ಲೇ ಸೋರುತ್ತದೆ. ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಬ್ಯಾಟರಿ ಇಳಿಯುವ ತನಕ ಸೆಲ್ಫ್ ಹೊಡೆಯುತ್ತ ಕೂರಬೇಡಿರಿ. ಕೀಲಿ ತೆಗೆದು ಮುಚ್ಚಳದ ಕ್ಲಿಪ್ಪು ಬಿಚ್ಚಿ, ಒಣ ಬಟ್ಟೆಯಿಂದ ಒಳಹೊರಗೆ ಒರೆಸಿ, ಪ್ಲಗ್ ವೈರುಗಳನ್ನೂ ಒರೆಸಿ ಹಾಕಿದರೆ ಎಷ್ಟೋ ಸಲ ಅಷ್ಟರಲ್ಲೇ ಕೆಲಸವಾಗುತ್ತದೆ. ವೈರುಗಳನ್ನು ಒಂದೊಂದಾಗಿಯೇ ಬಿಚ್ಚಿ ಹಾಕಿದರೆ ಅದಲುಬದಲಾಗದು. ಮುಚ್ಚಳದೊಳಗೆ ಪೆನ್ಸಿಲ್ ಗೀರಿನಂತಹ ಕಪ್ಪು ಗೆರೆ ಕಂಡರೆ ಅದು ಕಿಡಿ ಸೋರಿದ ಜಾಡು. ಹೊಸ ಮುಚ್ಚಳ ಬೇಕು.

ಕಿಡಿ ಸೋರುವ ವೈರನ್ನು ಹುಡುಕಲು ಇರುಳೇ ಸೂಕ್ತ. ಕತ್ತಲೆಯಲ್ಲಿ ಬಾನೆಟ್ ಎತ್ತಿ ಎಂಜಿನ್ ಓಡಿಸಿದರೆ ಬಿರುಕಿದ್ದಲ್ಲಿ ನೀಲಿ ಮಿಂಚು ಕಾಣುತ್ತದೆ. ಕೈ ತಾಗಿಸಬಾರದು. ಇಲಿ ಕಡಿದ ಗುರುತನ್ನೂ ಇದೇ ವೇಳೆ ನೋಡಿರಿ. ಭತ್ತದ ಹುಲ್ಲು, ಅಡಿಕೆಯ ಹಾಳೆ ಪೇರಿಸಿದ ಶೆಡ್ಡಿನಲ್ಲಿ ಗಾಡಿ ನಿಲ್ಲಿಸಿದರೆ ಬೆಚ್ಚನೆಯ ಎಂಜಿನ್ನಿನ ಮೇಲೆ ಇಲಿ ಗೂಡು ಮಾಡದೆ ಬಿಡುವುದಿಲ್ಲ.

ಪ್ಲಗ್ ಬಿಚ್ಚಿದಾಗ ಪೆಟ್ರೋಲಿನಲ್ಲಿ ತೊಯ್ದಿದ್ದರೆ ಚೋಕ್ ಅತಿಯಾಗಿದೆ. ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಕೆಲವು ಸೆಕೆಂಡು ಸೆಲ್ಫ್ ಹೊಡೆದರೆ ಸರಿಹೋಗುತ್ತದೆ.

ಶೆಡ್ಡಿನ ಬಾಗಿಲು ಮುಚ್ಚಿ, ಮಳೆಗೆ ಹೆದರಿ ಒಳಗೇ ಎಂಜಿನ್ ಓಡಿಸುವುದು ಪ್ರಾಣಕ್ಕೆ ಎರವಾಗುವ ಕೆಲಸ. ಹೊಗೆಯಲ್ಲಿರುವ ಕಾರ್ಬನ್ ಮೋನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ.

ಪೆಟ್ರೋಲಿನಲ್ಲಿ ನೀರು

ಕಬ್ಬು, ಮೆಕ್ಕೆಜೋಳ ಮುಂತಾದವುಗಳಿಂದ ತೆಗೆದ ಎಥನಾಲನ್ನು ನೂರಕ್ಕೆ ಇಪ್ಪತ್ತು ಭಾಗ ಬೆರೆಸಿದ ಪೆಟ್ರೋಲ್ ಮಾರಾಟ 2023ರ ಫೆಬ್ರವರಿಯಲ್ಲಿ ಆರಂಭವಾಗಿ 2025ರ ಹೊತ್ತಿಗೆ ದೇಶದಲ್ಲೆಲ್ಲ ಹರಡಿತು. ಬೆಳೆಗಾರರಿಗೆ ಇದರಿಂದ ಮಾರುಕಟ್ಟೆ ಸಿಕ್ಕಿದೆ, ಸಂತೋಷವೇ. ಆದರೆ ಎಥನಾಲ್ ನೀರನ್ನು ಹೀರುವ ಗುಣವುಳ್ಳದ್ದು. ನೀರು ಒಂದು ಮಿತಿ ದಾಟಿದರೆ ಎಥನಾಲ್ ಮತ್ತು ನೀರು ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತವೆ. ಪೆಟ್ರೋಲ್ ಪಂಪು ಮೊದಲು ಎಳೆಯುವುದು ಈ ತಳದ ನೀರನ್ನೇ. ಅರ್ಧ ಖಾಲಿ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಗೆ ಈ ತೊಂದರೆ ಹೆಚ್ಚು. ಮಳೆಗಾಲದಲ್ಲಿ ಟ್ಯಾಂಕನ್ನು ತುಂಬಿಟ್ಟು, ವಾರಕ್ಕೊಮ್ಮೆಯಾದರೂ ಓಡಿಸುವುದು ಉತ್ತಮ.

ಸಂಶಯವಿದ್ದರೆ ಪರೀಕ್ಷಿಸಬಹುದು. ಎಂಜಿನ್ ತಣ್ಣಗಿರುವಾಗ, ಬಯಲಿನಲ್ಲಿ, ಬೀಡಿ ಬೆಂಕಿ ಹತ್ತಿರವಿಲ್ಲದಂತೆ ನೋಡಿಕೊಂಡು ಕಾಯಿಲಿನ ವೈರು ಬಿಡಿಸಿರಿ. ಕಾರ್ಬುರೇಟರಿಗೆ ಹೋಗುವ ಪೆಟ್ರೋಲ್ ಪೈಪನ್ನು ಗಾಜಿನ ಬಾಟಲಿಗೆ ಇಟ್ಟು ಸೆಲ್ಫ್ ಹೊಡೆದರೆ ಪಂಪು ಪೆಟ್ರೋಲನ್ನು ಬಾಟಲಿಗೆ ತಳ್ಳುತ್ತದೆ. ಹತ್ತು ನಿಮಿಷ ಬಿಟ್ಟರೆ ನೀರಿದ್ದಲ್ಲಿ ತಳದಲ್ಲಿ ಬೇರೆ ಪದರ ಕಾಣುತ್ತದೆ. ಹಾಗಿದ್ದರೆ ಟ್ಯಾಂಕ್ ಬರಿದು ಮಾಡಿಸುವುದೊಂದೇ ದಾರಿ. ಹಳೆಯ ಗಾಡಿಗಳ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಇವು ಇಷ್ಟು ಎಥನಾಲಿಗೆಂದು ಮಾಡಿದವಲ್ಲ. ಪೈಪು ಅಂಟಂಟಾಗಿದ್ದರೆ, ಬಿರಿದಿದ್ದರೆ, ಪೆಟ್ರೋಲ್ ವಾಸನೆ ಬಂದರೆ ಎಥನಾಲ್ ತಾಳುವ ಹೊಸ ಪೈಪನ್ನು ಕೂಡಲೇ ಹಾಕಿಸಿರಿ. ಓಮ್ನಿಯಲ್ಲಿ ನೀವು ಕುಳಿತಿರುವುದು ಅದರ ಮೇಲೆಯೇ.

ಹಳ್ಳದ ನೀರು, ಮೈಲುತುತ್ತದ ನೀರು

ಶರಾವತಿ ಹಿನ್ನೀರಿನಾಚೆಯ ತುಮರಿ, ಬ್ಯಾಕೋಡು ಕಡೆಯವರಿಗೆ 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಗುವವರೆಗೂ ಸಾಗರಕ್ಕೆ ಲಾಂಚ್, ಇಲ್ಲವೆ ದೂರದ ಸುತ್ತುದಾರಿಯೇ ಗತಿಯಾಗಿತ್ತು. ದೊಡ್ಡ ನೀರಿಗೆ ಸೇತುವೆ ಬಂದರೂ ಮನೆದಾರಿಯ ಹಳ್ಳಗಳು ಹಾಗೆಯೇ ಇವೆ. ಮೋರಿಯ ಮೇಲೆ ನೀರು ಹರಿಯುತ್ತಿದ್ದರೆ ಗಾಡಿ ಇಳಿಸದಿರುವುದೇ ಸರಿ. ಇಳಿದು ನಡುವೆ ಎಂಜಿನ್ ನಿಂತರೆ ಮತ್ತೆ ಸೆಲ್ಫ್ ಹೊಡೆಯಕೂಡದು. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಕುಗ್ಗಿಸಲಾಗದು. ಸಿಲಿಂಡರಿಗೆ ನೀರು ಹೊಕ್ಕಿದ್ದರೆ ಪಿಸ್ಟನ್ ಮೇಲೇರಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಗಾಡಿಯನ್ನು ದಡಕ್ಕೆ ತಳ್ಳಿ, ಮೂರೂ ಪ್ಲಗ್ ಬಿಚ್ಚಿ, ಕಾಯಿಲಿನ ವೈರು ಬಿಡಿಸಿ ಆಮೇಲೆ ಸೆಲ್ಫ್ ಹೊಡೆದರೆ ನೀರು ಪ್ಲಗ್ಗಿನ ತೂತಿನಿಂದ ಚಿಮ್ಮಿ ಹೋಗುತ್ತದೆ. ಏರ್ ಫಿಲ್ಟರ್ ತೊಯ್ದಿದ್ದರೆ ಬದಲಿಸಿರಿ. ಆಯಿಲ್ ಬೆಳ್ಳಗಾಗಿದ್ದರೆ ಅದನ್ನೂ ಬದಲಿಸದೆ ಓಡಿಸಬೇಡಿರಿ.

ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕಾಲದಲ್ಲಿ ಇನ್ನೊಂದು ಎಚ್ಚರ. ದ್ರಾವಣ ಹದವಾಗಿದೆಯೆ ಎಂದು ಕುಡುಗೋಲನ್ನೋ ಚಾಕುವನ್ನೋ ಅದ್ದಿ ನೋಡುವುದು ಎಲ್ಲರಿಗೂ ಗೊತ್ತು. ಸುಣ್ಣ ಕಡಿಮೆಯಿದ್ದರೆ ಅಲಗಿನ ಮೇಲೆ ತಾಮ್ರದ ಕೆಂಪು ಕೂರುತ್ತದೆ, ಅಷ್ಟೇ ಕಬ್ಬಿಣ ಕರಗಿ ಹೋಗುತ್ತದೆ. ಹರಿದ ಚೀಲದಿಂದ ಉದುರಿದ ಮೈಲುತುತ್ತ ಮಳೆನೀರಿನಲ್ಲಿ ಕರಗಿ ಓಮ್ನಿಯ ತಳದ ತಗಡಿಗೆ ಮಾಡುವುದೂ ಇದನ್ನೇ. ಅಲ್ಯೂಮಿನಿಯಮ್ಮನ್ನೂ ಅದು ಬಿಡುವುದಿಲ್ಲ. ಚೀಲವನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿಟ್ಟು ತನ್ನಿರಿ. ಚೆಲ್ಲಿದ್ದರೆ ಅಂದೇ ಧಾರಾಳ ನೀರಿನಿಂದ ತೊಳೆಯಿರಿ.

ಈ ಕೆಲಸಗಳನ್ನೆಲ್ಲ ರೋಹಿಣಿ ಮಳೆಯೊಳಗೆ, ತೋಟದ ಮೊದಲ ಔಷಧಿಗೆ ಆಳು ಗೊತ್ತುಮಾಡುವ ಮೊದಲೇ ಮುಗಿಸಿಕೊಳ್ಳುವುದು ಅನುಕೂಲ. ಒಂದು ಸೆಟ್ ಸ್ಪಾನರ್, ಪ್ಲಗ್ ಸ್ಪಾನರ್, ಫೀಲರ್ ಗೇಜ್, ಎರಡು ಸ್ಕ್ರೂಡ್ರೈವರ್, ಗಾಡಿಯ ಕೈಪಿಡಿ ಇಷ್ಟಿದ್ದರೆ ಸಾಕು. ಗಾಡಿಯ ಕೆಳಗೆ ತೂರುವಾಗ ಬರಿಯ ಜಾಕಿಯನ್ನು ನಂಬದೆ ಗಟ್ಟಿ ಮರದ ದಿಮ್ಮಿ ಕೊಡಿರಿ. ವೈರಿನ ಕೆಲಸಕ್ಕೆ ಮುನ್ನ ಬ್ಯಾಟರಿಯ ಋಣ ತುದಿ ಬಿಚ್ಚಿರಿ.

ಇಳಿಸಿದ ಹಳೆಯ ಕೂಲಂಟನ್ನು ಅಂಗಳದಲ್ಲಿ ಬಿಡಬೇಡಿರಿ. ಅದರಲ್ಲಿರುವ ಗ್ಲೈಕಾಲ್ ಸಿಹಿಯಾಗಿರುವುದರಿಂದ ನಾಯಿ, ಕರುಗಳು ಆಸೆಪಟ್ಟು ನೆಕ್ಕುತ್ತವೆ. ಅದು ಮೂತ್ರಪಿಂಡಗಳನ್ನು ಕೆಡಿಸಿ ಕೊಲ್ಲುವ ವಿಷ. ಮುಚ್ಚಳವಿರುವ ಕ್ಯಾನಿಗೆ ತುಂಬಿ, ಹೆಸರು ಬರೆದು, ಮಕ್ಕಳ ಕೈಗೆ ಸಿಗದಂತೆ ಇಡಿರಿ. ಹಳೆಯ ಆಯಿಲನ್ನೂ ಬಸಿಗಾಲುವೆಗೆ ಚೆಲ್ಲದೆ ಬೇರೊಂದು ಕ್ಯಾನಿನಲ್ಲಿ ಕೂಡಿಟ್ಟು, ಮುಂದಿನ ಬಾರಿ ಪೇಟೆಗೆ ಹೋದಾಗ ಹಳೆ ಆಯಿಲ್ ಕೊಳ್ಳುವ ಗ್ಯಾರೇಜಿಗೆ ಕೊಡಿರಿ.